ಮರದ ಮನೆಯ ಮೋಹ, ದಂಡಿನ ಪಾಠ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು ಎಂಥ ಮನೆ ಎಂದು ಹೇಳಲಿಲ್ಲ. ಹೇಳುವ ಅಗತ್ಯ ಅವರಿಗೆ ಇರಲಿಲ್ಲ. ಊರಿನ ಮಣ್ಣು, ಊರ ಪಕ್ಕದ ಕಲ್ಲು, ಹತ್ತಿರದ ಕಾಡಿನ ಮರ, ಇಷ್ಟರಲ್ಲೇ ಮನೆ ಮುಗಿಯುತ್ತಿತ್ತು. ಇಂದು ಆಯ್ಕೆ ಹೆಚ್ಚಿದೆ, ಜೊತೆಗೆ ಗೊಂದಲವೂ ಹೆಚ್ಚಿದೆ.

ಕಾಕ್ಸ್‌ಟೌನಿನಲ್ಲಿ ಅಜ್ಜನ ಕಾಲದ ಬಂಗಲೆ ಇರುವ ಪರಿಚಿತರೊಬ್ಬರು ಈಚೆಗೆ ಒಂದು ಪ್ರಶ್ನೆ ಹಿಡಿದು ಬಂದರು. ಬಂಗಲೆಯ ಹೆಂಚಿನ ಮಾಡು ಸೋರುತ್ತಿದೆ. ಒಂದೆರಡು ಬಾಗಿಲಿಗೆ ಗೆದ್ದಲು ಹತ್ತಿದೆ. ಮಾರಿ ಪಾಲು ಹಂಚಿಕೊಳ್ಳೋಣ ಎಂದು ಅಣ್ಣತಮ್ಮಂದಿರು ಹೇಳುತ್ತಿದ್ದಾರೆ. ತಮ್ಮ ಪಾಲಿನ ಹಣದಲ್ಲಿ ಕೆ.ಆರ್. ಪುರದಾಚೆ ಒಂದು ನಿವೇಶನ ಕೊಂಡು, ಅಲ್ಲಿ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿದ ಮನೆ ಕಟ್ಟಿಸಬೇಕೆಂಬುದು ಇವರ ಆಸೆ. ವಿದೇಶದಲ್ಲಿರುವ ಮಗನ ಊರಿನಲ್ಲಿ ಅಂಥ ಮನೆಯಲ್ಲಿ ಒಂದು ವಾರ ಇದ್ದು ಬಂದಿದ್ದರು. ಆ ಮರದ ವಾಸನೆ, ಆ ಬೆಚ್ಚಗಿನ ಗೋಡೆ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ‘ಕಟ್ಟಿಸುವ ಮೊದಲು ಏನೇನು ತಿಳಿದಿರಬೇಕು?’ ಎಂದು ಕೇಳಿದರು.

ಅವರ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ಬೆಂಗಳೂರಿನಲ್ಲಿ ಮರ ಹೇಗೆ ಬಾಳುತ್ತದೆ, ಎಲ್ಲಿ ಸೋಲುತ್ತದೆ ಎಂಬುದಕ್ಕೆ ಬೇರೆ ದೇಶದ ಪುಸ್ತಕ ನೋಡಬೇಕಾಗಿಲ್ಲ. ಅವರು ಮಾರಲು ಹೊರಟಿರುವ ಬಂಗಲೆಯೇ ಆ ಪುಸ್ತಕ.

ದಂಡು ಬಂದ ಬಗೆ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರ ಪಡೆ ಅಲ್ಲಿಯೇ ಬೀಡುಬಿಟ್ಟಿತು. ಆದರೆ ಕಾವೇರಿಯ ದಂಡೆಯ ಮಲೇರಿಯಾ ಸೈನಿಕರನ್ನು ಹಣ್ಣು ಮಾಡಿತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನ ಹವೆ ಅವರ ಕಣ್ಣಿಗೆ ಬಿತ್ತು. 1809ರ ಹೊತ್ತಿಗೆ ಹಲಸೂರಿನ ಪಕ್ಕದ ದಿಬ್ಬಗಳ ಮೇಲೆ ದಂಡು ನೆಲೆಯೂರಿತು. ಹಲಸೂರು ಅದಕ್ಕಿಂತ ಬಹಳ ಹಳೆಯ ಊರು. ಸೋಮೇಶ್ವರ ದೇವಾಲಯ, ಕೆರೆ ಎಲ್ಲವೂ ದಂಡಿಗಿಂತ ಮೊದಲೇ ಅಲ್ಲಿದ್ದವು. ಊರಿಗೆ ಆ ಹೆಸರು ಬಂದದ್ದು ಹಲಸಿನ ತೋಪಿನಿಂದ ಎಂಬುದು ರೂಢಿಯ ಮಾತು. ಹಲಸು ಬರೀ ಹಣ್ಣಿನ ಮರವಲ್ಲ. ಬಾಗಿಲು, ಕಂಬ, ಪೆಟ್ಟಿಗೆಗಳಿಗೆ ನಮ್ಮ ಬಡಗಿಗಳು ಇಷ್ಟಪಟ್ಟ ಮರಗಳಲ್ಲಿ ಅದೂ ಒಂದು.

ಸೈನ್ಯದ ಹಿಂದೆ ತಮಿಳು, ತೆಲುಗು, ಉರ್ದು ಮಾತನಾಡುವ ವ್ಯಾಪಾರಿಗಳು, ಕುಶಲಕರ್ಮಿಗಳು, ಗುತ್ತಿಗೆದಾರರು ಬಂದರು. ಇಂದಿನ ಶಿವಾಜಿನಗರ ಆಗ ಬ್ಲಾಕ್‌ಪಲ್ಲಿ. 1868ರಲ್ಲಿ ಅಠಾರ ಕಚೇರಿಯನ್ನು ಕಟ್ಟಿಸಿಕೊಟ್ಟ ಗುತ್ತಿಗೆದಾರ ಆರ್ಕಾಟ್ ನಾರಾಯಣಸ್ವಾಮಿ ಮುದಲಿಯಾರರು ಈ ದಂಡಿನವರೇ. ಅವರು 1873ರಲ್ಲಿ ಆರಂಭಿಸಿದ ಶಾಲೆ ಹಲಸೂರಿನ ಸಮೀಪ ಇಂದಿಗೂ ಅವರ ಹೆಸರಿನಲ್ಲೇ ಇದೆ. 1881ರಲ್ಲಿ ಮೈಸೂರು ಸಂಸ್ಥಾನ ಅರಸರ ಕೈಗೆ ಮರಳಿದರೂ ದಂಡು ಮಾತ್ರ ಬ್ರಿಟಿಷರ ಆಡಳಿತದಲ್ಲಿಯೇ ಉಳಿಯಿತು. ಅದು ಮೈಸೂರಿಗೆ ಮರಳಿದ್ದು 1947ರ ಜುಲೈ 26ರಂದು. ಪೇಟೆ ಮತ್ತು ದಂಡು ಸೇರಿ ಒಂದೇ ನಗರಪಾಲಿಕೆ ಆದದ್ದು 1949ರಲ್ಲಿ.

ಈ ನಡುವೆ 1898ರಲ್ಲಿ ಪ್ಲೇಗು ಬಂತು. ಕಿಕ್ಕಿರಿದ ಬ್ಲಾಕ್‌ಪಲ್ಲಿಯಲ್ಲಿ ಸಾವು ಹೆಚ್ಚಿದಾಗ ಗಾಳಿ ಬೆಳಕು ಬರುವ ಹೊಸ ಬಡಾವಣೆ ಬೇಕೆಂಬ ಯೋಚನೆ ಹುಟ್ಟಿತು. ಫ್ರೇಜರ್ ಟೌನ್, ರಿಚರ್ಡ್ಸ್ ಟೌನ್, ಕುಕ್ ಟೌನ್, ಕಾಕ್ಸ್ ಟೌನ್‌ಗಳ ಅಗಲ ರಸ್ತೆ, ತೋಟದ ನಡುವಿನ ಮನೆ ಇವೆಲ್ಲ ಆ ಕಾಲಘಟ್ಟದ ಕೊಡುಗೆ. ಇನ್ನೂ ಪೂರ್ವಕ್ಕೆ, ಕೃಷ್ಣರಾಜಪುರದಾಚೆ, ಅರಸರು ಕೊಟ್ಟ ನೆಲದಲ್ಲಿ 1882ರಲ್ಲಿ ಆಂಗ್ಲೋ ಇಂಡಿಯನ್ನರು ವೈಟ್‌ಫೀಲ್ಡ್ ವಸಾಹತನ್ನು ಕಟ್ಟಿಕೊಂಡರು. ಒಂದು ದುಂಡನೆಯ ಮೈದಾನ, ಅದರ ಸುತ್ತ ವೃತ್ತಾಕಾರದ ರಸ್ತೆ, ರಸ್ತೆಯ ಬದಿಗೆ ಹೆಂಚಿನ ಮನೆಗಳು.

ಬಂಗಲೆಯಲ್ಲಿ ಮರ ಎಲ್ಲೆಲ್ಲಿ?

1896ರಲ್ಲಿ ಸೇನಾಧಿಕಾರಿಯಾಗಿ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್ ಇಬ್ಬರು ಗೆಳೆಯರೊಡನೆ ಇಂಥದೊಂದು ಬಂಗಲೆಯಲ್ಲಿದ್ದರು. ದೊಡ್ಡ ತೋಟ, ಹೆಂಚಿನ ಮಾಡು, ಆಳವಾದ ವರಾಂಡಗಳನ್ನು ಅವರು ತಮ್ಮ ಆತ್ಮಕಥೆಯಲ್ಲಿ ನೆನಪಿಸಿಕೊಂಡಿದ್ದಾರೆ. ನೋಡಿದವರಿಗೆ ಇದು ಇಟ್ಟಿಗೆ ಗಾರೆಯ ಮನೆ. ಆದರೆ ಒಳಗಿನಿಂದ ಲೆಕ್ಕ ಹಾಕಿದರೆ ಅದು ಬಹುಮಟ್ಟಿಗೆ ಮರದ ಮನೆಯೇ.

ಹೆಂಚಿನ ಮಾಡಾದರೆ ತೊಲೆ, ಜಂತೆ, ರೀಪು ಎಲ್ಲವೂ ಮರ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಆ ಕೆಂಪು ಹೆಂಚು ದಕ್ಷಿಣ ಭಾರತದ ತುಂಬ ಹರಡಿತು. ಅದು ಹಗುರವಾದ್ದರಿಂದ ಕೆಳಗಿನ ಮರವನ್ನೂ ತೆಳ್ಳಗೆ ಮಾಡಬಹುದಾಯಿತು. ತಾರಸಿಯಾದರೆ ‘ಮದ್ರಾಸ್ ತಾರಸಿ’. ಅಡ್ಡಲಾಗಿ ತೇಗದ ತೊಲೆಗಳು, ಅವುಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ ಸುಣ್ಣದ ಗಾರೆಯಲ್ಲಿ ಕೂಡಿಸುತ್ತಿದ್ದರು. ಅದರ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ದಪ್ಪ ಹಾಸು. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತ ಆಳುಗಳು ಸಾಲಾಗಿ ಕೂತು ಮರದ ಹಲಗೆಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಅಷ್ಟು ಭಾರವನ್ನೆಲ್ಲ ಹೊತ್ತು ನಿಂತದ್ದು ಆ ತೊಲೆಗಳು.

ಇನ್ನು ‘ಮಂಕಿಟಾಪ್’. ಕಿಟಕಿ ಮತ್ತು ಮುಖಮಂಟಪದ ಮೇಲೆ ಟೋಪಿಯಂತೆ ಮುಂಚಾಚಿದ, ಮರದ ಸಣ್ಣ ಪಟ್ಟಿಗಳ ಚೂಪು ಮಾಡಿಗೆ ಬೆಂಗಳೂರಿಗರು ಇಟ್ಟ ಹೆಸರು ಇದು. ನೋಡಲು ಅಲಂಕಾರ, ಕೆಲಸದಲ್ಲಿ ಛತ್ರಿ. ಅದರಿಂದಾಗಿ ಮಧ್ಯಾಹ್ನದ ಬಿಸಿಲು ಗಾಜಿಗೆ ನೇರವಾಗಿ ಹೊಡೆಯುವುದಿಲ್ಲ, ಮುಂಗಾರಿನ ಇರಚಲು ಕಿಟಕಿಯ ಚೌಕಟ್ಟಿಗೆ ತಾಗುವುದಿಲ್ಲ, ಪಟ್ಟಿಗಳ ಸಂದಿಯಿಂದ ಗಾಳಿ ಮಾತ್ರ ಆಡುತ್ತದೆ. ಒಳಗಿನ ಬೆಲೆಬಾಳುವ ಚೌಕಟ್ಟನ್ನು ಉಳಿಸಲು ಹೊರಗಿನ ಅಗ್ಗದ ಪಟ್ಟಿ ಮಳೆ ಬಿಸಿಲಿಗೆ ಮೈಯೊಡ್ಡುತ್ತದೆ. ಪಟ್ಟಿ ಹಾಳಾದರೆ ಬಡಗಿಯನ್ನು ಕರೆದು ಅದೊಂದನ್ನೇ ಬದಲಿಸಿದರಾಯಿತು. ಮರದ ಮನೆ ಕಟ್ಟುವವರು ಕಲಿಯಬೇಕಾದ ಮೊದಲ ಪಾಠ ಇದು.

ದಿಮ್ಮಿ ಮನೆ ನಮ್ಮಲ್ಲೇಕಿಲ್ಲ?

ದಿಮ್ಮಿಗಳನ್ನು ಅಡ್ಡಡ್ಡಲಾಗಿ ಪೇರಿಸಿ ಮೂಲೆಯಲ್ಲಿ ಕಚ್ಚು ಹಾಕಿ ಜೋಡಿಸುವ ಮನೆ ಮೂಲತಃ ಉತ್ತರ ಯೂರೋಪಿನದು. 1638ರಲ್ಲಿ ಅಮೆರಿಕದ ಡೆಲವೇರ್ ನದಿಯ ದಡದಲ್ಲಿ ವಸಾಹತು ಹೂಡಿದ ಸ್ವೀಡನ್, ಫಿನ್‌ಲೆಂಡಿನ ಜನ ಈ ಪದ್ಧತಿಯನ್ನು ಅಲ್ಲಿಗೆ ಒಯ್ದರು. ನಮ್ಮ ದೇಶದಲ್ಲೂ ಹಿಮಾಚಲದ ಬೆಟ್ಟಗಳಲ್ಲಿ ದೇವದಾರು ತೊಲೆ ಮತ್ತು ಕಲ್ಲನ್ನು ಒಂದಾದ ಮೇಲೊಂದು ಪೇರಿಸಿದ ‘ಕಾಠ್ ಕುಣಿ’ ಮನೆಗಳಿವೆ. ಇವೆಲ್ಲ ಪೈನ್, ಸ್ಪ್ರೂಸ್, ದೇವದಾರುಗಳ ನಾಡು. ಆ ಮರಗಳು ಕಂಬದಂತೆ ನೆಟ್ಟಗೆ, ಒಂದೇ ದಪ್ಪಕ್ಕೆ ಬೆಳೆಯುತ್ತವೆ. ಹಗುರ, ಕೊಯ್ಯಲು ಸುಲಭ. ಚಳಿ ದೀರ್ಘವಾದ್ದರಿಂದ ಗೆದ್ದಲಿನ ಕಾಟವೂ ಕಡಿಮೆ.

ನಮ್ಮ ತೇಗ, ಮತ್ತಿ, ಹೊನ್ನೆ, ನಂದಿ, ಬೀಟೆಗಳ ಸ್ವಭಾವ ಬೇರೆ. ಭಾರ ಹೆಚ್ಚು, ಬೆಲೆ ಹೆಚ್ಚು, ಕಾಂಡ ಅಷ್ಟು ಏಕರೂಪವೂ ಅಲ್ಲ. ಅಂಥ ಮರವನ್ನು ಗೋಡೆಗೆ ಪೇರಿಸುವುದು ದುಂದು ಎಂದು ನಮ್ಮ ಹಿರಿಯರು ಬಲ್ಲರು. ಮಲೆನಾಡಿನ ತೊಟ್ಟಿಮನೆ, ಕೊಡಗಿನ ಐನ್‌ಮನೆಗಳಲ್ಲಿ ಮರ ಸಮೃದ್ಧವಾಗಿದೆ. ಆದರೆ ಅದು ಕಂಬ, ಮುಂಡಿಗೆ, ಬಾಗಿಲು, ಅಟ್ಟಗಳಲ್ಲಿದೆ. ಗೋಡೆ ಮಾತ್ರ ಮಣ್ಣಿನದು ಅಥವಾ ಕಲ್ಲಿನದು. ನೆಲದಿಂದ ಏಳುವ ತೇವ ಮತ್ತು ಗೆದ್ದಲನ್ನು ತಡೆಯುವ ಕೆಲಸ ಮಣ್ಣು ಕಲ್ಲಿಗೆ, ಸೂರು ಹೊರುವ ಕೆಲಸ ಮರಕ್ಕೆ. ದಂಡಿನ ಬಂಗಲೆಯೂ ಈ ಹಂಚಿಕೆಯನ್ನೇ ಒಪ್ಪಿಕೊಂಡಿತು.

ದಿಮ್ಮಿ ಮನೆಗೆ ತನ್ನದೇ ಗುಣಗಳಿವೆ. ಇಟ್ಟಿಗೆಗೆ ಹೋಲಿಸಿದರೆ ಮರದ ಮೂಲಕ ಶಾಖ ಹಾಯುವ ವೇಗ ಸುಮಾರು ನಾಲ್ಕೈದು ಪಾಲು ಕಡಿಮೆ. ಹಾಗಾಗಿ ಗೋಡೆ ಮುಟ್ಟಿದರೆ ತಣ್ಣಗೆನಿಸುವುದಿಲ್ಲ. ಕೆಲಸ ಬೇಗ ಮುಗಿಯುತ್ತದೆ. ಬಿಚ್ಚಿ ಬೇರೆಡೆ ಜೋಡಿಸಲೂಬಹುದು. ಆದರೆ ಬೆಂಗಳೂರಿನ ಚಳಿಗಾಲಕ್ಕೆ ಅಷ್ಟೊಂದು ಬೆಚ್ಚಗಿನ ಗೋಡೆ ಬೇಕೇ ಎಂಬುದನ್ನು ಮೊದಲು ಕೇಳಿಕೊಳ್ಳಬೇಕು. ಇಲ್ಲಿ ಬೇಕಾದದ್ದು ಮುಖ್ಯವಾಗಿ ನೆರಳು ಮತ್ತು ಗಾಳಿ.

ಮರದ ನಾಲ್ಕು ಶತ್ರುಗಳು

ಮೊದಲನೆಯದು ಮರದ ಒಳಗೇ ಇರುವ ನೀರು. ಹೊಸದಾಗಿ ಕಡಿದ ಮರದಲ್ಲಿ ಒಣಮರದ ತೂಕದ ಶೇಕಡ 30ಕ್ಕಿಂತ ಹೆಚ್ಚು ತೇವ ಇರುತ್ತದೆ. ಬೆಂಗಳೂರಿನ ಹವೆಯಲ್ಲಿ ಅದು ಕ್ರಮೇಣ ಶೇಕಡ 12ರ ಆಸುಪಾಸಿಗೆ ಇಳಿದು ನಿಲ್ಲುತ್ತದೆ. ಹಾಗೆ ಒಣಗುವಾಗ ಮರ ಉದ್ದದಲ್ಲಿ ಬಹುತೇಕ ಕುಗ್ಗುವುದಿಲ್ಲ, ಅಡ್ಡಗಲದಲ್ಲಿ ಮಾತ್ರ ಚೆನ್ನಾಗಿ ಕುಗ್ಗುತ್ತದೆ. ಕಂಬವಾಗಿ ನಿಂತ ಮರದಿಂದ ಮನೆಯ ಎತ್ತರಕ್ಕೆ ತೊಂದರೆಯಿಲ್ಲ. ಆದರೆ ದಿಮ್ಮಿ ಮನೆಯಲ್ಲಿ ಮರ ಮಲಗಿರುತ್ತದೆ. ದಿಮ್ಮಿಗಳು ಶೇಕಡ 4ರಷ್ಟು ಕುಗ್ಗಿದರೂ 3 ಮೀಟರ್ ಎತ್ತರದ ಗೋಡೆ 12 ಸೆಂಟಿಮೀಟರ್ ಕೆಳಗೆ ಕೂರುತ್ತದೆ. ಕಿಟಕಿ, ಬಾಗಿಲುಗಳ ಮೇಲೆ ಅಷ್ಟು ಜಾಗ ಬಿಟ್ಟಿರದಿದ್ದರೆ ಚೌಕಟ್ಟು ಸೊಟ್ಟಗಾಗುತ್ತದೆ, ಗಾಜು ಒಡೆಯುತ್ತದೆ, ನೀರಿನ ಕೊಳವೆ ಬಾಗುತ್ತದೆ. ಆದ್ದರಿಂದ ಮರ ಕೊಳ್ಳುವಾಗ ‘ಒಣಗಿದೆ ಸಾರ್’ ಎಂಬ ಮಾತನ್ನು ನಂಬದೆ ತೇವಮಾಪಕವನ್ನು ಹಿಡಿದು ನೋಡಬೇಕು. ಅಂಗೈಯಲ್ಲಿ ಹಿಡಿಸುವ ಈ ಸಾಧನ ಈಗ ಸುಲಭವಾಗಿ ಸಿಗುತ್ತದೆ.

ಎರಡನೆಯದು ಹೊರಗಿನ ನೀರು. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ ಬೀಳುತ್ತದೆ. ಮರದಲ್ಲಿ ತೇವ ಶೇಕಡ 20ಕ್ಕಿಂತ ಮೇಲೆ ಬಹುಕಾಲ ನಿಂತರೆ ಬೂಷ್ಟು ಹಿಡಿದು ಕೊಳೆಯಲು ತೊಡಗುತ್ತದೆ. ಮಳೆಯಲ್ಲಿ ನೆಂದು ಬೇಗ ಒಣಗುವ ಮರ ಅಷ್ಟು ಬೇಗ ಸಾಯುವುದಿಲ್ಲ. ನೆಂದದ್ದು ಒಣಗದೆ ಇರುವ ಮೂಲೆಯಲ್ಲಿ ಅದು ಸಾಯುತ್ತದೆ. ಬೆಂಗಳೂರು ಕೋಟೆಯ ಟಿಪ್ಪು ಅರಮನೆ ನೋಡಿ. ಹೈದರಾಲಿ ಆರಂಭಿಸಿ ಟಿಪ್ಪು 1791ರಲ್ಲಿ ಮುಗಿಸಿದ ಆ ಕಟ್ಟಡದ ತೇಗದ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತಿವೆ, ಮೇಲೆ ಮುಂಚಾಚಿದ ಸೂರು ಇದೆ, ಸುತ್ತ ಗಾಳಿ ಆಡುತ್ತದೆ. ಎರಡು ಶತಮಾನ ದಾಟಿದರೂ ಅವು ನಿಂತಿರುವುದಕ್ಕೆ ಕಾರಣ ಇಷ್ಟೇ. ದಿಮ್ಮಿ ಮನೆ ಕಟ್ಟುವುದಾದರೂ ಕಡೇ ಪಕ್ಷ ಒಂದೂವರೆ ಅಡಿ ಎತ್ತರದ ಕಲ್ಲಿನ ಅಡಿಪಾಯ, ಎರಡೂವರೆ ಮೂರು ಅಡಿ ಮುಂಚಾಚಿದ ಸೂರು ಇಲ್ಲದೆ ಮುಂದುವರಿಯಬಾರದು.

ಮೂರನೆಯದು ಗೆದ್ದಲು ಮತ್ತು ಕುಟ್ಟೆ. ಬೆಂಗಳೂರಿನ ಪೂರ್ವದ ಕೆಂಪು ಮಣ್ಣು ಗೆದ್ದಲಿಗೆ ತವರು. ಹುತ್ತವಿದ್ದ ಹೊಲಗಳೇ ಇಂದಿನ ಬಡಾವಣೆಗಳು. ತೇಗಕ್ಕೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲ, ಏಕೆಂದರೆ ಅದರ ಚೇಗಿನಲ್ಲಿ ಗೆದ್ದಲಿಗೆ ಒಗ್ಗದ ರಾಸಾಯನಿಕಗಳಿವೆ. ಚೇಗು ಎಂದರೆ ಕಾಂಡದ ಒಳಗಿನ ಬಲಿತ, ಕಂದು ಭಾಗ. ಹೊರಗಿನ ಬೆಳ್ಳಗಿನ ಪದರಕ್ಕೆ ಈ ರಕ್ಷಣೆ ಇಲ್ಲ. ಎಳೆಯ ತೇಗವನ್ನು ಕಡಿದು ಕೊಯ್ದರೆ ಅದರಲ್ಲಿ ಚೇಗಿಗಿಂತ ಬೆಳ್ಳಗಿನ ಭಾಗವೇ ಹೆಚ್ಚು. ಹೆಸರಿಗೆ ತೇಗ, ಬಾಳಿಕೆಯಲ್ಲಿ ಅಲ್ಲ. ಆಮದಾಗುವ ಪೈನ್ ಮತ್ತು ಕಾಫಿ ತೋಟದ ಸಿಲ್ವರ್ ಓಕ್‌ಗೆ ಔಷಧೋಪಚಾರ ಮಾಡದೆ ಇಲ್ಲಿ ಉಳಿಗಾಲವಿಲ್ಲ.

ಔಷಧದ ವಿಚಾರದಲ್ಲಿ ಒಂದು ಸ್ವಾರಸ್ಯವಿದೆ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಬೆರೆಸಿ ಒತ್ತಡದಲ್ಲಿ ಮರದೊಳಗೆ ಇಳಿಸುವ ವಿಧಾನವನ್ನು 1933ರಲ್ಲಿ ಕಂಡುಹಿಡಿದದ್ದು ಡೆಹರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿದ್ದ ಭಾರತೀಯ ವಿಜ್ಞಾನಿ ಸೋಂಟಿ ಕಾಮೇಶಂ. ಅದು ಜಗತ್ತಿನಾದ್ಯಂತ ಬಳಕೆಗೆ ಬಂತು. ಆದರೆ ಆರ್ಸೆನಿಕ್ ವಿಷವಾದ್ದರಿಂದ ಅಮೆರಿಕದಲ್ಲಿ 2003ರ ಕೊನೆಯಿಂದ ಮನೆ ಬಳಕೆಯ ಹೆಚ್ಚಿನ ಮರಕ್ಕೆ ಅದನ್ನು ಹಾಕುವುದನ್ನು ಉತ್ಪಾದಕರು ನಿಲ್ಲಿಸಿದರು. ಈಗ ಬೋರಾನ್ ಮತ್ತು ತಾಮ್ರ ಆಧಾರಿತ ಬೇರೆ ಔಷಧಗಳಿವೆ. ‘ಟ್ರೀಟ್ ಮಾಡಿದ ಮರ’ ಎಂದು ಮಾರುವವರನ್ನು ಯಾವ ಔಷಧ, ಮೇಲೆ ಬಳಿದದ್ದೋ ಒತ್ತಡದಲ್ಲಿ ಒಳಗೆ ಇಳಿಸಿದ್ದೋ ಎಂದು ಕೇಳಿ ಬರಹದಲ್ಲಿ ಪಡೆಯಬೇಕು. ಅಡಿಪಾಯ ತೋಡಿದಾಗಲೇ ಮಣ್ಣಿಗೆ ಮಾಡಬೇಕಾದ ಗೆದ್ದಲು ತಡೆಗೆ ಭಾರತೀಯ ಮಾನಕ 6313 ಇದೆ. ಕಟ್ಟಿ ಮುಗಿದ ಮನೆಗೆ ಮಾಡುವ ಉಪಚಾರ ಯಾವತ್ತೂ ಅರೆಮನಸ್ಸಿನ ಕೆಲಸವಾಗುತ್ತದೆ.

ನಾಲ್ಕನೆಯದು ಬೆಂಕಿ. ಮೈಸೂರಿನ ಹಳೆಯ ಮರದ ಅರಮನೆ 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಸಂದರ್ಭದಲ್ಲಿ ಸುಟ್ಟುಹೋಯಿತು. ಅದರ ಜಾಗದಲ್ಲಿ 1912ರಲ್ಲಿ ಮುಗಿದ ಇಂದಿನ ಅರಮನೆಯಲ್ಲಿ ಕಲ್ಲು ಮತ್ತು ಎರಕದ ಕಬ್ಬಿಣಕ್ಕೆ ಮೊದಲ ಸ್ಥಾನ ಸಿಕ್ಕಿತು. ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ 2012ರ ಫೆಬ್ರುವರಿಯಲ್ಲಿ ಬಿದ್ದ ಬೆಂಕಿ ನೂರಕ್ಕೂ ಹೆಚ್ಚು ಅಂಗಡಿಗಳನ್ನು ಆಹುತಿ ತೆಗೆದುಕೊಂಡಿತು. ಆದರೆ ದಪ್ಪ ಮರ ಕಡ್ಡಿಪೆಟ್ಟಿಗೆಯಂತೆ ಉರಿದುಹೋಗುವುದಿಲ್ಲ. ಅದರ ಮೇಲ್ಮೈ ನಿಮಿಷಕ್ಕೆ ಮುಕ್ಕಾಲು ಮಿಲಿಮೀಟರಿನಷ್ಟು ಇದ್ದಿಲಾಗುತ್ತ ಹೋಗುತ್ತದೆ, ಆ ಇದ್ದಿಲೇ ಒಳಗಿನ ಮರಕ್ಕೆ ಸ್ವಲ್ಪ ಹೊತ್ತು ಕವಚವಾಗುತ್ತದೆ. ತೆಳು ಹಲಗೆ, ಪಟ್ಟಿ, ಒಣಗಿದ ಮಂಕಿಟಾಪ್‌ಗಳಿಗೆ ಆ ಸಮಯ ಸಿಗುವುದಿಲ್ಲ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು 1905ರಲ್ಲಿ. ಆಮೇಲೆ ಹಳೆಯ ಬಂಗಲೆಗಳ ಗೋಡೆಯ ಮೇಲೆ ಮರದ ಪಟ್ಟಿ ಹೊಡೆದು ವೈರ್ ಎಳೆದರು. ಆ ವೈರಿಂಗ್ ಇನ್ನೂ ಇದ್ದರೆ ಬೇರೆಲ್ಲ ರಿಪೇರಿಗಿಂತ ಮೊದಲು ಅದನ್ನು ತೆಗೆಸಬೇಕು.

ಯಾವ ಮರ, ಎಲ್ಲಿಯ ಮರ?

ದಂಡಿನ ಬಂಗಲೆಗಳು ಎದ್ದ ಕಾಲದಲ್ಲಿ ಮೈಸೂರು ಸೀಮೆಯ ಕಾಡು ಹತ್ತಿರವಿತ್ತು. ಬರ್ಮಾ ಬ್ರಿಟಿಷರ ಕೈಯಲ್ಲಿದ್ದರಿಂದ ಅಲ್ಲಿಯ ತೇಗ ಹಡಗಿನಲ್ಲಿ ಮದ್ರಾಸಿಗೆ ಬರುತ್ತಿತ್ತು. ಜೋಲಾರ್‌ಪೇಟೆಯಿಂದ ದಂಡಿಗೆ ರೈಲು ಬಂದದ್ದು 1864ರಲ್ಲಿ. ಆ ಮೇಲೆ ದೂರದ ಮರ, ಹೆಂಚು, ಕಬ್ಬಿಣ ಇಲ್ಲಿಗೆ ತಲುಪುವುದು ಸುಲಭವಾಯಿತು. ಇಂದು ಈ ಬಾಗಿಲುಗಳೆಲ್ಲ ಮುಚ್ಚಿವೆ. ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1996ರ ಡಿಸೆಂಬರ್ 12ರಂದು ಕೊಟ್ಟ ಆದೇಶ ದೇಶದ ಕಾಡುಗಳಲ್ಲಿ ಮರ ಕಡಿಯುವುದಕ್ಕೆ ಕಡಿವಾಣ ಹಾಕಿತು. ಮ್ಯಾನ್ಮಾರ್ 2014ರ ಏಪ್ರಿಲಿನಿಂದ ದಿಮ್ಮಿ ರಫ್ತನ್ನು ನಿಲ್ಲಿಸಿತು. ಈಗ ಮಾರುಕಟ್ಟೆಯಲ್ಲಿರುವ ತೇಗದಲ್ಲಿ ಬಹಳಷ್ಟು ಆಫ್ರಿಕ ಮತ್ತು ಲ್ಯಾಟಿನ್ ಅಮೆರಿಕದ ನೆಡುತೋಪುಗಳಿಂದ ಬಂದದ್ದು. ನೂರು ವರ್ಷ ನಿಧಾನವಾಗಿ ಬೆಳೆದ ಕಾಡಿನ ತೇಗಕ್ಕೂ ಇದಕ್ಕೂ ಹೆಸರು ಒಂದೇ ಆದರೂ ಚೇಗಿನ ಪ್ರಮಾಣ ಒಂದೇ ಅಲ್ಲ.

ಸ್ವಂತ ಜಮೀನಿನ ಮರವನ್ನೇ ಬಳಸುತ್ತೇನೆ ಎನ್ನುವವರಿಗೂ ಕಾನೂನು ಇದೆ. ಕರ್ನಾಟಕ ಮರಗಳ ಸಂರಕ್ಷಣೆ ಕಾಯ್ದೆ, 1976ರ ಪ್ರಕಾರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಸಾಗಿಸಲು ಅರಣ್ಯ ಇಲಾಖೆಯ ರಹದಾರಿ ಬೇಕಾಗಬಹುದು. ಕೊಂಡ ಮರಕ್ಕೆ ರಸೀದಿ ಇಟ್ಟುಕೊಳ್ಳುವುದು ಜಾಣತನ. ಕೊಳ್ಳುತ್ತಿರುವುದು ತೇಗವೋ ಬಣ್ಣ ಬಳಿದ ಇನ್ನೇನೋ ಎಂಬ ಸಂಶಯ ಬಂದರೆ ಅದನ್ನು ಗುರುತಿಸುವವರು ನಮ್ಮ ಊರಿನಲ್ಲೇ ಇದ್ದಾರೆ. ಮೈಸೂರು ಸರ್ಕಾರ 1938ರಲ್ಲಿ ಆರಂಭಿಸಿದ ಅರಣ್ಯ ಸಂಶೋಧನಾ ಪ್ರಯೋಗಾಲಯವೇ ಮುಂದೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾಯಿತು. ಒಂದು ಚೂರು ಮರದ ಅಡ್ಡಸೀಳನ್ನು ಭೂತಕನ್ನಡಿಯಲ್ಲಿ ನೋಡಿ ಜಾತಿ ಹೇಳುವ ವಿದ್ಯೆ ಅಲ್ಲಿದೆ.

ವಿಮೆಯ ವಿಚಾರವನ್ನೂ ಮೊದಲೇ ತಿಳಿದುಕೊಳ್ಳಬೇಕು. ಮರದ ಹಲಗೆಯ ಗೋಡೆ ಅಥವಾ ಮಾಡು ಇರುವ ಕಟ್ಟಡವನ್ನು ಬೆಂಕಿ ವಿಮೆಯ ಲೆಕ್ಕದಲ್ಲಿ ‘ಕಚ್ಚಾ’ ಕಟ್ಟಡವೆಂದು ಎಣಿಸುವುದು ಹಳೆಯ ರೂಢಿ. ಕಂತು ಹೆಚ್ಚು. ಬ್ಯಾಂಕಿನ ಸಾಲಕ್ಕೂ ಇದರ ಬಿಸಿ ತಟ್ಟುತ್ತದೆ. ನಕ್ಷೆ ಮಂಜೂರಾತಿ, ಸಾಲ, ವಿಮೆ ಈ ಮೂರರ ಉತ್ತರ ಕೈಗೆ ಬರುವ ತನಕ ಮರಕ್ಕೆ ಮುಂಗಡ ಕೊಡಬಾರದು.

ಹಳೆಯ ಬಂಗಲೆ ಕೊಳ್ಳುವವರಿಗೆ, ಉಳಿಸುವವರಿಗೆ

ದಂಡಿನ ಬಂಗಲೆಗಳು ಒಂದೊಂದಾಗಿ ಉರುಳಿದ್ದಕ್ಕೆ ಗೆದ್ದಲಿಗಿಂತ ದೊಡ್ಡ ಕಾರಣಗಳಿವೆ. 1947ರ ನಂತರ ಅನೇಕ ಆಂಗ್ಲೋ ಇಂಡಿಯನ್ ಕುಟುಂಬಗಳು ಇಂಗ್ಲೆಂಡ್, ಆಸ್ಟ್ರೇಲಿಯಗಳಿಗೆ ಹೊರಟುಹೋದವು. 1976ರ ನಗರ ಭೂಮಿತಿ ಕಾಯ್ದೆ ದೊಡ್ಡ ಕಾಂಪೌಂಡುಗಳ ಮಾಲೀಕರಿಗೆ ಆತಂಕ ತಂದಿತು. ಪಾಲು ಹಂಚುವಾಗ ಮನೆಯನ್ನು ಹಂಚಲಾಗುವುದಿಲ್ಲ, ನೆಲವನ್ನು ಹಂಚಬಹುದು. ಎಚ್.ಎ.ಎಲ್. ಮತ್ತಿತರ ಕಾರ್ಖಾನೆಗಳಿಂದಾಗಿ ಬೆಳೆದ ಪೂರ್ವದಲ್ಲಿ 1970ರ ದಶಕದಿಂದ ಇಂದಿರಾನಗರದಂಥ ಕಾಂಕ್ರೀಟು ಮನೆಗಳ ಬಡಾವಣೆ ಬಂತು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಹಲಸೂರಿನ ಮೂಲಕ ಮೊದಲ ಮೆಟ್ರೊ ಓಡಿತು. 2023ರಲ್ಲಿ ಅದು ಕೆ.ಆರ್. ಪುರ, ವೈಟ್‌ಫೀಲ್ಡಿಗೂ ಮುಟ್ಟಿತು. ನೆಲದ ಬೆಲೆ ಏರಿದಷ್ಟೂ ಅದರ ಮೇಲಿನ ಹಳೆಯ ಮನೆ ಹೊರೆಯಾಗಿ ಕಂಡಿತು.

ಇಂಥ ಮನೆಯನ್ನು ಕೊಳ್ಳುವವರು ಮೊದಲು ಕಾಗದ ನೋಡಬೇಕು. ದಂಡು ಪ್ರದೇಶದ ಕೆಲವು ಆಸ್ತಿಗಳಲ್ಲಿ ಕಟ್ಟಡ ಮಾತ್ರ ಖಾಸಗಿಯವರದಾಗಿದ್ದು ನೆಲ ಸರ್ಕಾರದ್ದಾಗಿರುವುದುಂಟು. ಮೂಲಪತ್ರ, ಖಾತೆ, ಋಣಭಾರ ಪತ್ರಗಳನ್ನು ತಿಳಿದ ವಕೀಲರಿಗೆ ತೋರಿಸದೆ ಹೆಜ್ಜೆ ಇಡಬಾರದು.

ಆಮೇಲೆ ಮನೆಯನ್ನು ನೋಡಬೇಕು, ಅದೂ ಮಳೆಗಾಲದಲ್ಲಿ. ತೊಲೆಯ ನಡುಭಾಗ ಎಲ್ಲರಿಗೂ ಕಾಣುತ್ತದೆ. ಕೊಳೆಯುವುದು ಗೋಡೆಯೊಳಗೆ ಹುದುಗಿದ ಅದರ ತುದಿ, ಏಕೆಂದರೆ ಅಲ್ಲಿ ಗಾಳಿ ಆಡುವುದಿಲ್ಲ. ತುದಿಯ ಬಳಿ ಸ್ಕ್ರೂ ಡ್ರೈವರಿನಿಂದ ಚುಚ್ಚಿ ನೋಡಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ: ಗಟ್ಟಿ ಮರ ಟಣ್ ಎನ್ನುತ್ತದೆ, ಪೊಳ್ಳು ಮರ ಡಬ್ ಎನ್ನುತ್ತದೆ. ಗೋಡೆಯ ಬುಡದಲ್ಲಿ ಮಣ್ಣಿನ ಸಣ್ಣ ಸುರಂಗ ಏರಿದ್ದರೆ ಅದು ಗೆದ್ದಲಿನ ದಾರಿ. ಮರದ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಕುಟ್ಟೆ. ಸುಣ್ಣದ ಗೋಡೆಗೆ ಈಚೆಗೆ ಯಾರಾದರೂ ಸಿಮೆಂಟು ಮೆತ್ತಿಸಿದ್ದರೆ ಎಚ್ಚರ. ಸುಣ್ಣ ತೇವವನ್ನು ಹೊರಗೆ ಬಿಡುತ್ತದೆ, ಸಿಮೆಂಟು ಅದನ್ನು ಒಳಗೇ ಕೂಡಿಹಾಕಿ ಪಕ್ಕದ ಮರಕ್ಕೆ ದಾಟಿಸುತ್ತದೆ. ಮದ್ರಾಸ್ ತಾರಸಿಯ ಮೇಲೆ ಸೋರಿಕೆ ನಿಲ್ಲಿಸಲೆಂದು ಪದರದ ಮೇಲೆ ಪದರ ಕಾಂಕ್ರೀಟು ಹಾಕಿಸುವವರೂ ಇದ್ದಾರೆ. ಸೋರಿಕೆ ನಿಲ್ಲದಿದ್ದರೂ ತೊಲೆಯ ಮೇಲಿನ ಭಾರ ಮಾತ್ರ ಹೆಚ್ಚುತ್ತದೆ.

ಹತ್ತು ತೊಲೆಗಳಲ್ಲಿ ಎರಡು ಹೋಗಿದ್ದರೆ ಮನೆ ಹೋಗಿದೆ ಎಂದಲ್ಲ. ಮರದ ಮನೆಯ ದೊಡ್ಡ ಅನುಕೂಲವೇ ಬಿಡಿಭಾಗ ಬದಲಿಸುವ ಸೌಲಭ್ಯ. ಕೊಳೆತ ತುದಿಯನ್ನು ಕೊಯ್ದು ಹೊಸ ತುಂಡು ಬೆಸೆಯಬಹುದು, ಪಕ್ಕದಲ್ಲಿ ಉಕ್ಕಿನ ಆಸರೆ ಕೊಡಬಹುದು. ಒಡೆದ ಹೆಂಚನ್ನು ಒಂದೊಂದಾಗಿ ತೆಗೆದು ಹೊಸದು ಕೂರಿಸಬಹುದು. ಇದನ್ನು ಬಲ್ಲ ಆಚಾರಿಗಳು, ಗಾರೆ ಕೆಲಸದವರು ಕಡಿಮೆಯಾಗುತ್ತಿದ್ದಾರೆ ಎಂಬುದು ನಿಜವಾದ ಕೊರತೆ.

ಮರ ಸುಮ್ಮನೆ ಸಾಯುವುದಿಲ್ಲ

ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಅರಮನೆಯನ್ನು ಕಳಚಿದಾಗ ಅದರ ಮರ ಮಣ್ಣುಪಾಲಾಗಲಿಲ್ಲ. ಅಲ್ಲಿಂದ ತಂದ ದೊಡ್ಡ ತೊಲೆಗಳು 1830ರ ಸುಮಾರಿಗೆ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡನ್ನು ಹೊತ್ತವು, ಇಂದಿಗೂ ಹೊತ್ತಿವೆ. ನಮ್ಮ ದಂಡಿನಲ್ಲೂ ಬಂಗಲೆ ಕೆಡವಿದಾಗ ಮೊದಲು ಬರುವವರು ಹಳೆಯ ಮರದ ವ್ಯಾಪಾರಿಗಳು. ಬಾಗಿಲು, ಕಿಟಕಿ, ತೊಲೆಗಳಿಗೆ ಅವರು ಕೊಡುವ ಬೆಲೆಯೇ ಆ ಮರದಲ್ಲಿ ಇನ್ನೂ ಎಷ್ಟು ಆಯುಸ್ಸಿದೆ ಎಂಬುದಕ್ಕೆ ಸಾಕ್ಷಿ. ಮನೆಯ ಮಾಲೀಕರಿಗೆ ಅದು ಹಳೆಯ ಸಾಮಾನು, ಕೊಳ್ಳುವವರಿಗೆ ಇನ್ನು ಎಲ್ಲೂ ಸಿಗದ ಕಾಡಿನ ತೇಗ.

ಪರಿಚಿತರ ಪ್ರಶ್ನೆಗೆ ಕೊನೆಗೆ ಹೇಳಿದ್ದು ಇಷ್ಟು. ದಿಮ್ಮಿ ಮನೆ ಕಟ್ಟಿಸಬಾರದು ಎಂದಲ್ಲ. ಒಣಗಿದ ಮರ, ಎತ್ತರದ ಅಡಿಪಾಯ, ಅಗಲವಾದ ಸೂರು, ಒಪ್ಪವಾದ ಔಷಧೋಪಚಾರ, ಕಾಗದಪತ್ರ ಇವೆಲ್ಲ ಸರಿಯಾಗಿದ್ದು, ಎರಡು ಮೂರು ವರ್ಷಕ್ಕೊಮ್ಮೆ ಎಣ್ಣೆ ಬಳಿಯುವ ತಾಳ್ಮೆ ಇದ್ದರೆ ಅದು ಇಲ್ಲೂ ಬಾಳೀತು. ಆದರೆ ಅದಕ್ಕೆ ಮುಂಗಡ ಕೊಡುವ ಮೊದಲು ಒಬ್ಬ ಹಳೆಯ ಆಚಾರಿಯನ್ನು ಕರೆದುಕೊಂಡು ಹೋಗಿ ಅಜ್ಜನ ಬಂಗಲೆಯ ಒಂದೊಂದು ತೊಲೆಯನ್ನೂ ತಟ್ಟಿ ನೋಡಿ. ಎಷ್ಟು ಗಟ್ಟಿ, ಎಷ್ಟು ಪೊಳ್ಳು ಎಂದು ಬರೆದಿಟ್ಟುಕೊಳ್ಳಿ. ಆ ಪಟ್ಟಿಯನ್ನು ಅಣ್ಣತಮ್ಮಂದಿರ ಮುಂದೆ ಇಟ್ಟು ಆಮೇಲೆ ಮಾತಾಡಿ. ಮಾರುವುದೇ ಆದರೆ ಏನನ್ನು ಮಾರುತ್ತಿದ್ದೇವೆ ಎಂಬುದಾದರೂ ಗೊತ್ತಿರುತ್ತದೆ.

ಅವರು ಮುಂದಿನ ಭಾನುವಾರಕ್ಕೆ ಆಚಾರಿಯನ್ನು ಗೊತ್ತುಮಾಡಿದ್ದಾರೆ.